ಊರು ಯಾವುದು ಅಂತ ಕೇಳಿದರೆ ಸಾಲದು: ಕ್ಯಾನ್ಸರ್ ನೋಂದಣಿ ಕಲಿಕೆಯ ಹನ್ನೊಂದು ವಾರ

ವಾರ 1

ರಾತ್ರಿ ಊಟ ಆದಮೇಲೆ ದಿನಾ ಒಂದು ಗಂಟೆ ಇದಕ್ಕೇ ಅಂತ ಎತ್ತಿಟ್ಟಿದ್ದೇನೆ. ನಾನು ಹಾಸನದ ಕಡೆಯ ಒಂದು ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್‌ನಲ್ಲಿ ಕೆಲಸ ಮಾಡುವುದು. ಎಂಟು ವರ್ಷದಿಂದ ಕೇಸ್ ಶೀಟ್ ಜೋಡಿಸಿ, ನಂಬರ್ ಹಾಕಿ, ರ‍್ಯಾಕಿಗೆ ಸೇರಿಸಿದ್ದೇನೆ. ಅದರಲ್ಲಿ ಕ್ಯಾನ್ಸರ್ ಆದವರು ಎಷ್ಟು ಜನ, ಯಾವ ತಾಲ್ಲೂಕಿನವರು ಜಾಸ್ತಿ ಅಂತ ಯಾರಾದರೂ ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಅದು ಬಹಳ ದಿನದಿಂದ ಕೊರೆಯುತ್ತಿತ್ತು.

ಯಾರಿಗೆ, ಯಾವ ಊರಿನಲ್ಲಿ, ಯಾವ ಕ್ಯಾನ್ಸರ್ ಆಯಿತು ಅಂತ ಲೆಕ್ಕ ಇಡುವುದಕ್ಕೇ ಕ್ಯಾನ್ಸರ್ ನೋಂದಣಿ ಅನ್ನುವುದು. ಅದನ್ನು ಕಲಿಯುವುದಕ್ಕೆ ಎರಡು ಕಡೆ ಉಚಿತವಾಗಿ ಪಾಠ ಸಿಗುತ್ತದೆ. ಒಂದು, ಫ್ರಾನ್ಸಿನ ಲಿಯಾನ್‌ನಲ್ಲಿರುವ ಐಎಆರ್‌ಸಿಯದ್ದು. ಅದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಇನ್ನೊಂದು, ಅಮೆರಿಕದ ಸೀರ್‌ನದ್ದು. ಅಲ್ಲಿ 1973ರಿಂದ ಕ್ಯಾನ್ಸರ್ ಲೆಕ್ಕ ಇಡುತ್ತಿರುವವರು ಅವರು. ಡಲ್ಲಾಸ್‌ನಲ್ಲಿರುವ ನನ್ನ ತಂಗಿಯೂ ಇದನ್ನೇ ಓದುತ್ತಿದ್ದಾಳೆ. ಅವಳದ್ದು ದುಡ್ಡು ಕಟ್ಟಿ ಸೇರುವ ಆನ್‌ಲೈನ್ ಕೋರ್ಸ್, ಕೊನೆಗೆ ಸರ್ಟಿಫಿಕೇಟ್ ಪರೀಕ್ಷೆ. ಆ ಪರೀಕ್ಷೆ ಪಾಸಾದವರನ್ನು ಮೊದಲು ಸಿಟಿಆರ್ ಅನ್ನುತ್ತಿದ್ದರು, 2024ರಿಂದ ಓಡಿಎಸ್ ಅಂತ ಹೆಸರು. ಭಾನುವಾರ ಬೆಳಗ್ಗೆ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಂದೇ ಕೇಸ್ ಬಿಡಿಸುವುದು ಅಂತ ಮಾತಾಗಿದೆ.

ಮೊದಲ ಪಾಠ ಇತಿಹಾಸ. ಅದರಲ್ಲಿ ನಮ್ಮ ಪಾಲೂ ಇದೆ ಅಂತ ಹುಡುಕಿ ಓದಿಕೊಂಡೆ. ದೇಶದಲ್ಲಿ ಮೊದಲ ನೋಂದಣಿ ಶುರುವಾದದ್ದು ಮುಂಬೈಯಲ್ಲಿ, 1963ರಲ್ಲಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಕಾರ್ಯಕ್ರಮ ಬಂದಮೇಲೆ, 1982ರಿಂದ ಬೆಂಗಳೂರಿನ ಕಿದ್ವಾಯಿಯಲ್ಲಿ ನಗರದವರ ಲೆಕ್ಕ ಶುರುವಾಯಿತು. ಇವತ್ತು ಇಡೀ ದೇಶದ ನೋಂದಣಿಗಳನ್ನು ನೋಡಿಕೊಳ್ಳುವ ಎನ್‌ಸಿಡಿಐಆರ್ ಇರುವುದೂ ಬೆಂಗಳೂರಿನಲ್ಲೇ.

ವಾರ 2, 3

ಕೋಡ್ ಪುಸ್ತಕ. ಹೆಸರು ಐಸಿಡಿ-ಓ. ಗಂಟು ಎಲ್ಲಿ ಹುಟ್ಟಿತು ಅನ್ನುವುದಕ್ಕೆ ಒಂದು ಕೋಡ್, ಅದು ಯಾವ ಬಗೆಯದ್ದು ಅನ್ನುವುದಕ್ಕೆ ಇನ್ನೊಂದು. ಮೊದಲನೆಯದು ಸಿ ಅಕ್ಷರದಿಂದ ಶುರು. ಎರಡನೆಯದರಲ್ಲಿ ನಾಲ್ಕು ಅಂಕಿ, ಒಂದು ಓರೆ ಗೀಟು, ಆಮೇಲೆ ಗಂಟಿನ ಗುಣ ಹೇಳುವ ಒಂದೇ ಅಂಕಿ. 0 ಅಂದರೆ ಕ್ಯಾನ್ಸರ್ ಅಲ್ಲದ ಗಂಟು. 2 ಅಂದರೆ ಹುಟ್ಟಿದ ಪದರವನ್ನು ಇನ್ನೂ ದಾಟಿಲ್ಲ. 3 ಅಂದರೆ ದಾಟಿ ಒಳಗೆ ಇಳಿದಿದೆ. 6 ಅಂದರೆ ಬೇರೆ ಕಡೆಯಿಂದ ಬಂದು ಕೂತಿದೆ.

ಬಾಯಿಯ ಭಾಗಕ್ಕೇ ಮೂರು ರಾತ್ರಿ ಹಿಡಿಯಿತು. ನಮ್ಮ ಕಡೆ ಎಲೆಅಡಿಕೆ ಜೊತೆ ಹೊಗೆಸೊಪ್ಪು ಸೇರಿಸಿ ಕೆನ್ನೆ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಹುಣ್ಣು ಏಳುವುದೂ ಅಲ್ಲೇ. ಡಾಕ್ಟರು ಅದನ್ನು ಜಿಬಿ ಸಲ್ಕಸ್ ಅಂತ ಬರೆಯುತ್ತಾರೆ. ಒಸಡೂ ಕೆನ್ನೆಯೂ ಸೇರುವ ಸಂದು. ಅದಕ್ಕೆ ಸಿ 06.1. ಕೆನ್ನೆಯ ಒಳಮೈ ಸಿ 06.0. ಕೆಳಗಿನ ಒಸಡು ಸಿ 03.1. ಕಡೇ ದವಡೆ ಹಲ್ಲಿನ ಹಿಂದಿನ ಜಾಗ ಸಿ 06.2. ಕನ್ನಡಿ ಮುಂದೆ ನಿಂತು, ಬಾಯಿಗೆ ಟಾರ್ಚ್ ಬಿಟ್ಟು, ಒಂದೊಂದು ಜಾಗವನ್ನೂ ನಾಲಿಗೆಯಿಂದ ಮುಟ್ಟಿ ಕೋಡ್ ಹೇಳಿಕೊಂಡೆ. ಅವತ್ತಿನಿಂದ ಒಂದೂ ಮರೆತಿಲ್ಲ.

ಸುಮ್ನೆ ‘ಬಾಯಿ’ ಅಂತ ತಿಳಿದು ಸಿ 06.9 ಹಾಕಿದರೂ ಅದೂ ಒಂದು ಕೋಡೇ. ಆದರೆ ಕೇಸ್ ಶೀಟಿನ ಒಳಗೆ, ಆಪರೇಷನ್ ನೋಟ್ಸಿನಲ್ಲಿ, ಸರಿಯಾದ ಜಾಗ ಬರೆದಿರುತ್ತದೆ. ನಾಲ್ಕು ಹಾಳೆ ಮಗುಚಬೇಕು, ಅಷ್ಟೇ.

ವಾರ 4

ಅಭ್ಯಾಸದ ಕೇಸಿನಲ್ಲಿ ಎಡವಿದೆ. 52 ವರ್ಷದ ಹೆಂಗಸು, ಕಂಕುಳಲ್ಲಿ ಗಂಟು. ಆ ಗಂಟಿನ ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ ಅನ್ನುವ ಬಗೆಯ ಕ್ಯಾನ್ಸರ್ (ಕೋಡ್ 8140), ಸ್ತನದಿಂದ ಹರಡಿ ಬಂದದ್ದು ಅಂತ ಇದೆ. ನಾನು ಹಾಕಿದ್ದು ಸಿ 77.3, 8140/6. ಕಂಕುಳ ಗ್ರಂಥಿ, ಬೇರೆ ಕಡೆಯಿಂದ ಬಂದದ್ದು. ಬರೆದದ್ದನ್ನು ಬರೆದ ಹಾಗೇ ಕೋಡ್ ಮಾಡಿದ್ದೆ.

ತಪ್ಪು. ಕಂಕುಳು ಅದು ಬಂದು ತಲುಪಿದ ಜಾಗ. ನೋಂದಣಿಗೆ ಬೇಕಾದದ್ದು ಹುಟ್ಟಿದ ಜಾಗ. ಸಿ 50.9, ಅಂದರೆ ಸ್ತನ, 8140/3 ಅಂತ ಹಾಕಬೇಕು. ರೋಗ ಯಾವ ಆಧಾರದ ಮೇಲೆ ಗೊತ್ತಾಯಿತು ಅನ್ನುವ ಕಾಲಂನಲ್ಲಿ ಮಾತ್ರ 6 ಬರುತ್ತದೆ, ಅಂದರೆ ಹರಡಿದ ಜಾಗದ ತುಣುಕು ನೋಡಿ ಹೇಳಿದ್ದು. ಸ್ತನದ ಗಂಟಿನಿಂದಲೇ ತುಣುಕು ತೆಗೆದಿದ್ದರೆ ಅಲ್ಲಿ 7. ನನ್ನ ಕೋಡೇ ಉಳಿದಿದ್ದರೆ ಆ ಹೆಂಗಸು ಸ್ತನ ಕ್ಯಾನ್ಸರಿನ ಲೆಕ್ಕದಿಂದಲೇ ಬಿಟ್ಟುಹೋಗುತ್ತಿದ್ದಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿದ್ದೇನೆ: ಗಂಟಿನ ಹುಟ್ಟೂರು ಕೇಳು.

ವಾರ 5

ಮನೆಯಲ್ಲಿ ಮದುವೆ. ಪಾಠ ಆಗಲಿಲ್ಲ.

ವಾರ 6

ತಂಗಿ ಜೊತೆ ಅರ್ಧ ಗಂಟೆ ವಾದ. ಕೇಸ್ ಇಷ್ಟೇ: ಒಬ್ಬಳೇ ಹೆಂಗಸು, ಎರಡೂ ಸ್ತನದಲ್ಲಿ ಡಕ್ಟ್ ಕಾರ್ಸಿನೋಮ, ಅಂದರೆ ಹಾಲಿನ ನಾಳದ ಕ್ಯಾನ್ಸರ್, ಎರಡೂ ಒಂದೇ ಬಗೆಯದ್ದು. ಎಷ್ಟು ಕ್ಯಾನ್ಸರ್ ಅಂತ ಬರೆಯಬೇಕು? ಅವಳು ಎರಡು ಅಂದಳು. ನಾನು ಒಂದು ಅಂದೆ. ಇಬ್ಬರೂ ಪುಸ್ತಕ ತೆರೆದೆವು. ಇಬ್ಬರದ್ದೂ ಸರಿ.

ಅಮೆರಿಕದ ನಿಯಮದಲ್ಲಿ ಎಡ ಬೇರೆ, ಬಲ ಬೇರೆ. ಐಎಆರ್‌ಸಿಯ 2004ರ ಅಂತರರಾಷ್ಟ್ರೀಯ ನಿಯಮದಲ್ಲಿ ಜೋಡಿ ಅಂಗ ಅಂದರೆ ಒಂದೇ ಅಂಗ. ಗಂಟಿನ ಬಗೆ ಬೇರೆ ಆದರೆ ಮಾತ್ರ ಎರಡು. ಹೀಗಾಗಿ ಎರಡು ದೇಶದ ಅಂಕಿಯನ್ನು ಪಕ್ಕಪಕ್ಕ ಇಡುವ ಮೊದಲು ಯಾವ ನಿಯಮದಲ್ಲಿ ಎಣಿಸಿದ್ದು ಅಂತ ನೋಡಲೇಬೇಕು. ನನಗೆ ಐಎಆರ್‌ಸಿ ನಿಯಮವೇ ಸಾಕು ಅನ್ನಿಸಿದೆ. ಆದರೆ ಅವಳ ಕೋರ್ಸಿನ ಒಂದು ಪಾಠವನ್ನು ಎತ್ತಿಕೊಂಡಿದ್ದೇನೆ. ಯಾವ ಕೋಡ್ ಹಾಕಿದರೂ, ಯಾಕೆ ಹಾಕಿದೆ ಅಂತ ಪಕ್ಕದಲ್ಲಿ ಎರಡು ಸಾಲು ಬರೆಯಬೇಕು, ಯಾವ ರಿಪೋರ್ಟ್, ಯಾವ ತಾರೀಕು ಅಂತ ಸಮೇತ. ನಾಳೆ ಇನ್ನೊಬ್ಬರು ನೋಡಿದರೂ ಅರ್ಥ ಆಗುತ್ತದೆ.

ವಾರ 7, 8

ಹನ್ನೊಂದು ವಾರದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಈ ಪಾಠ. ವಿಳಾಸ.

ನೋಂದಣಿ ಎರಡು ಥರ. ಆಸ್ಪತ್ರೆ ನೋಂದಣಿಯಲ್ಲಿ ಆ ಆಸ್ಪತ್ರೆಗೆ ಬಂದವರೆಲ್ಲ ಬರುತ್ತಾರೆ, ಅವರು ಎಲ್ಲಿಯವರಾದರೂ ಸರಿ. ಜನಸಂಖ್ಯೆ ನೋಂದಣಿಯಲ್ಲಿ ಒಂದು ಪ್ರದೇಶದಲ್ಲಿ ವಾಸ ಇರುವವರು ಮಾತ್ರ, ಅವರು ಎಲ್ಲಿ ಚಿಕಿತ್ಸೆ ಪಡೆದರೂ ಸರಿ. ನಮ್ಮ ದೇಶದಲ್ಲಿ ವಾಸ ಅಂದರೆ ಕಡಿಮೆ ಅಂದರೂ ಒಂದು ವರ್ಷ ಅಲ್ಲಿದ್ದಿರಬೇಕು. ಲೆಕ್ಕ ಹಾಕುವುದು ಲಕ್ಷ ಜನಕ್ಕೆ ಇಷ್ಟು ಅಂತ. ಆ ಲಕ್ಷ ಬರುವುದು ಜನಗಣತಿಯಿಂದ. ಗಣತಿಯಲ್ಲಿ ಅರಸೀಕೆರೆಯಲ್ಲಿ ಎಣಿಸಿದವರನ್ನು ಕ್ಯಾನ್ಸರ್ ಆದಾಗ ಬೆಂಗಳೂರಿನಲ್ಲಿ ಎಣಿಸಿದರೆ, ಬೆಂಗಳೂರಿನ ದರ ಸುಳ್ಳುಸುಳ್ಳೇ ಏರುತ್ತದೆ, ಅರಸೀಕೆರೆಯದ್ದು ಇಳಿಯುತ್ತದೆ.

ಇದನ್ನು ಓದುವಾಗ ದೊಡ್ಡಮ್ಮ ನೆನಪಾದರು. ಅರಸೀಕೆರೆ ಹತ್ತಿರದ ಹಳ್ಳಿಯಲ್ಲೇ ಬದುಕು ಕಳೆದವರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ವಿಳಾಸ ಕೇಳಿದರು. ಮಗ ಪೀಣ್ಯದ ಬಾಡಿಗೆ ಮನೆಯ ವಿಳಾಸ ಕೊಟ್ಟ. ಫೋನ್ ಬಂದರೆ, ಕಾಗದ ಬಂದರೆ ಸಿಗಲಿ ಅಂತ. ಎಷ್ಟು ದಿನದಿಂದ ಅಲ್ಲಿದ್ದಾರೆ ಅಂತ ಯಾರೂ ಕೇಳಲಿಲ್ಲ. ಅವರು ಅಲ್ಲಿಗೆ ಬಂದು ಆರು ದಿನ ಆಗಿತ್ತು. ಆ ಚೀಟಿಯೊಂದನ್ನೇ ನಂಬಿದರೆ ದೊಡ್ಡಮ್ಮ ಪೀಣ್ಯದವರು. ನೋಂದಣಿಯ ಸಿಬ್ಬಂದಿ ರೋಗಿಯನ್ನೋ ಮನೆಯವರನ್ನೋ ಕಂಡು ಮತ್ತೆ ಕೇಳುವುದು ಇದಕ್ಕೇ.

ನಮ್ಮ ಕೌಂಟರಿನಲ್ಲಿ ಏನು ಕೇಳುತ್ತೇವೆ ಅಂತ ಒಂದು ಬೆಳಗ್ಗೆ ಪೂರ್ತಿ ನಿಂತು ಕೇಳಿಸಿಕೊಂಡೆ. “ಯಾವೂರು?” ಅಷ್ಟೇ. ಕನ್ನಡದಲ್ಲಿ ಈ ಮಾತಿಗೆ ಮೂರು ಅರ್ಥ ಇದೆ ಅಲ್ವಾ? ಹುಟ್ಟಿದ ಊರು, ಗಂಡನ ಮನೆಯ ಊರು, ಈಗ ಇರುವ ಊರು. ಮೂವತ್ತು ವರ್ಷದಿಂದ ಹಾಸನದಲ್ಲೇ ಇರುವವರೂ “ನಮ್ಮೂರು ಆಲೂರು” ಅನ್ನುತ್ತಾರೆ. ಅದು ಸುಳ್ಳಲ್ಲ. ಪ್ರಶ್ನೆಯೇ ಸರಿ ಇಲ್ಲ. ಗಂಟಿಗಾದರೆ ಹುಟ್ಟೂರು ಕೇಳಬೇಕು, ಗಂಟು ಹೊತ್ತವರಿಗೆ ಈಗಿರುವ ಊರು ಕೇಳಬೇಕು.

ಅವತ್ತೇ ಈ ಕಲಿಕೆಗೆ ಒಂದು ಗುರಿ ಸಿಕ್ಕಿತು. ಕೌಂಟರಿಗೆ ಕನ್ನಡದಲ್ಲಿ ಒಂದು ಪುಟದ ಪ್ರಶ್ನೆಪಟ್ಟಿ ಮಾಡುವುದು.

ವಾರ 9

ಹೆಸರು. ಒಬ್ಬರನ್ನು ಎರಡು ಸಲ ಎಣಿಸಬಾರದು. ಆದರೆ ಲಕ್ಷ್ಮಮ್ಮ ಅನ್ನುವ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾವೇ ಮೂರು ಥರ ಟೈಪ್ ಮಾಡಿದ್ದೇವೆ. ಒಂದು ಚೀಟಿಯಲ್ಲಿ ತಂದೆ ಹೆಸರಿನ ಇನಿಶಿಯಲ್, ಇನ್ನೊಂದರಲ್ಲಿ ಗಂಡನದ್ದು. ಹಳೇ ಕಂದಾಯ ಕಾಗದಗಳಲ್ಲಿ ‘ಗಂಗಮ್ಮ ಕೋಂ ಸಿದ್ದಪ್ಪ’, ‘ರಾಮಣ್ಣ ಬಿನ್ ತಿಮ್ಮಯ್ಯ’ ಅಂತ ಬರೆಯುವುದು ಎಷ್ಟು ಒಳ್ಳೆಯ ಪದ್ಧತಿ ಅಂತ ಈಗ ಅನ್ನಿಸುತ್ತಿದೆ. ಯಾರ ಮಗ, ಯಾರ ಹೆಂಡತಿ ಅಂತ ಅದರಲ್ಲೇ ಇದೆ. ನನ್ನ ಪಟ್ಟಿಯಲ್ಲಿ ಹೆಸರನ್ನು ಕನ್ನಡದಲ್ಲೂ ಬರೆಯಬೇಕು. ಹೆಂಗಸರಾದರೆ ತಂದೆ, ಗಂಡ ಇಬ್ಬರ ಹೆಸರೂ ಬೇಕು.

ವಾರ 10

ವಯಸ್ಸು. ಲೆಕ್ಕ ನಡೆಯುವುದು ಐದೈದು ವರ್ಷದ ಗುಂಪಿನಲ್ಲಿ. ನಮ್ಮ ಶೀಟುಗಳಲ್ಲಿ 60, 65, 70 ಅಂತ ರಾಶಿ ಬಿದ್ದಿದೆ. 61, 63 ಅಪರೂಪ. ಗೊತ್ತಿಲ್ಲದಿದ್ದಾಗ ದುಂಡು ಅಂಕಿ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಪಾಠದಲ್ಲಿ ಸಿಕ್ಕಿದ ಉಪಾಯ ಅಂದರೆ ಎಲ್ಲರಿಗೂ ಗೊತ್ತಿರುವ ಘಟನೆ ಹಿಡಿದು ಕೇಳುವುದು. ನಾನು ಹಾಕಿಕೊಂಡಿದ್ದು: ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗ, 1973ರಲ್ಲಿ, ಶಾಲೆಗೆ ಹೋಗುತ್ತಿದ್ದಿರಾ? ಇಂದಿರಾ ಗಾಂಧಿ ತೀರಿಕೊಂಡಾಗ, 1984ರಲ್ಲಿ, ಮೊದಲ ಮಗು ಹುಟ್ಟಿತ್ತಾ?

ವಯಸ್ಸು ಯಾಕೆ ಇಷ್ಟು ಮುಖ್ಯ ಅಂದರೆ, ವಯಸ್ಸಾದವರು ಜಾಸ್ತಿ ಇರುವ ಊರಲ್ಲಿ ಕ್ಯಾನ್ಸರೂ ಜಾಸ್ತಿ ಕಾಣುತ್ತದೆ. ಅದನ್ನು ಸರಿಹೊಂದಿಸಿದ ಮೇಲೇ ಊರಿಂದ ಊರಿಗೆ ಹೋಲಿಸಬಹುದು. 2012ರಿಂದ 2016ರವರೆಗಿನ ದೇಶದ ವರದಿಯಲ್ಲಿ, ಹಾಗೆ ಸರಿಹೊಂದಿಸಿದ ಮೇಲೂ, ಮಿಜೋರಾಂನ ಐಜ್ವಾಲ್ ಜಿಲ್ಲೆಯ ಗಂಡಸರಲ್ಲಿ ಲಕ್ಷಕ್ಕೆ 269.4, ಮಹಾರಾಷ್ಟ್ರದ ಒಸ್ಮಾನಾಬಾದ್ (ಈಗ ಧಾರಾಶಿವ) ಮತ್ತು ಬೀಡ್‌ನಲ್ಲಿ 39.5. ಇಷ್ಟು ಅಂತರ ಇದೆ ಅಂತ ಗೊತ್ತಾಗಿದ್ದೇ ಯಾರೋ ಕೂತು ಒಂದೊಂದು ಶೀಟ್ ಬರೆದಿದ್ದರಿಂದ. ಅದೇ ಸೀಮೆಯ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲೇ ಹಳ್ಳಿಗಾಡಿನ ನೋಂದಣಿ ಶುರುವಾಗಿತ್ತು. ಜನ ಆಸ್ಪತ್ರೆಗೆ ಬರಲಿ ಅಂತ ಕಾಯದೆ ಸಿಬ್ಬಂದಿಯೇ ಹಳ್ಳಿ ಹಳ್ಳಿಗೆ ಹೋಗುತ್ತಿದ್ದರು. ಓದುತ್ತಾ ಎರಡು ಸಲ ನಿಲ್ಲಿಸಿದೆ. ನಮ್ಮ ತಾಲ್ಲೂಕುಗಳಲ್ಲೂ ಇದು ಆಗಬೇಕು ಅಂತ ಆಸೆ.

ವಾರ 11

ಮೇಲಿನವರ ಒಪ್ಪಿಗೆ ತೆಗೆದುಕೊಂಡು ಪ್ರಶ್ನೆಪಟ್ಟಿಯನ್ನು ಕೌಂಟರಿನಲ್ಲಿ ಮೂರು ದಿನ ಇಟ್ಟೆವು. ಮನೆಗೆ ಯಾವ ಹಾಳೆಯನ್ನೂ ತರುವುದಿಲ್ಲ, ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಅದು ಮೊದಲ ಪಾಠದಲ್ಲೇ ಕಲಿತ ನಿಯಮ.

ಮೊದಲ ದಿನವೇ ಒಂದು ಪ್ರಶ್ನೆ ಬದಲಾಯಿತು. “ಒಂದು ವರ್ಷದಿಂದ ಎಲ್ಲಿ ವಾಸ?” ಅಂದರೆ ಜನ ಮುಖ ನೋಡುತ್ತಾರೆ, ರೇಷನ್ ಕಾರ್ಡ್ ತೆಗೆಯುತ್ತಾರೆ. ಜೊತೆಯಲ್ಲಿದ್ದ ನರ್ಸ್ ಹೇಳಿಕೊಟ್ಟ ಹಾಗೆ ತಿದ್ದಿದೆ: “ಹೋದ ವರ್ಷದ ಯುಗಾದಿ ಯಾವ ಮನೆಯಲ್ಲಿ ಮಾಡಿದಿರಿ?” ಕೆಲವರಿಗೆ ಯುಗಾದಿ ಬದಲು ರಂಜಾನ್, ಕೆಲವರಿಗೆ ಕ್ರಿಸ್‌ಮಸ್.

ಎರಡನೇ ದಿನ ಒಬ್ಬರು ಅಜ್ಜಿ ಬಂದರು. ಊರು ಬೇಲೂರು ಅಂದರು, ಕಾರ್ಡಿನಲ್ಲೂ ಬೇಲೂರೇ. ಯುಗಾದಿ ಪ್ರಶ್ನೆ ಕೇಳಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮಗಳ ಮನೇಲಪ್ಪ, ಚಿಕ್ಕಮಗಳೂರಲ್ಲಿ. ಮಗ ಹೋದಮೇಲೆ ಅಲ್ಲೇ ಇದೀನಿ. ಮೂರು ವರ್ಷ ಆಯ್ತು” ಅಂದರು.

ಚಿಕ್ಕಮಗಳೂರು ಅಂತ ಬರೆದುಕೊಂಡೆ. ಪಕ್ಕದಲ್ಲಿ ಎರಡು ಸಾಲು, ಯಾಕೆ ಅಂತ.

ಮುಂದಿನ ವಾರದಿಂದ ಲ್ಯಾಬಿನ ಬಯಾಪ್ಸಿ ರಿಜಿಸ್ಟರ್ ಜೊತೆ ನಮ್ಮ ಪಟ್ಟಿಯನ್ನು ಹೋಲಿಸಬೇಕು. ಅಲ್ಲಿದ್ದು ಇಲ್ಲಿ ಬಿಟ್ಟುಹೋದವರು ಯಾರು ಅಂತ ರಿಜಿಸ್ಟರಿನ ಜನವರಿ ಪುಟದಿಂದಲೇ ನೋಡಿಕೊಂಡು ಬರುತ್ತೇನೆ.