ದೂರು ಕೊಟ್ಟ ಮನೆಯಲ್ಲಿ ಸಿಗದ ನಾಯ್ಸ್

ವಿಡಿಯೊ ಕರೆಯಲ್ಲಿ ಎದುರಿನವರ ಮಾತು ನಮಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದು, ನಮ್ಮ ಮಾತು ಮಾತ್ರ ಅವರಿಗೆ ತುಂಡು ತುಂಡಾಗಿ ತಲುಪುತ್ತಿದ್ದರೆ, ಕೇಬಲ್ ಬ್ರಾಡ್‌ಬ್ಯಾಂಡ್ ಜಾಲದಲ್ಲಿ ಮೊದಲು ಅನುಮಾನಿಸಬೇಕಾದದ್ದು ಅಪ್‌ಸ್ಟ್ರೀಮ್ ನಾಯ್ಸನ್ನು, ಅಂದರೆ ಮನೆಯಿಂದ ಹೊರಹೋಗುವ ಸಿಗ್ನಲ್‌ನ ದಾರಿಯಲ್ಲಿ ಬೆರೆಯುವ ಬೇಡದ ವಿದ್ಯುತ್ ಗದ್ದಲವನ್ನು. ಇಂಥ ದೂರು ಬಂದೊಡನೆ ಹುಡುಗರು ಆ ಮನೆಗೆ ಹೋಗಿ ಮೋಡೆಮ್ ಬದಲಿಸುತ್ತಾರೆ, ಕನೆಕ್ಟರ್ ಹೊಸದಾಗಿ ಕ್ರಿಂಪ್ ಮಾಡುತ್ತಾರೆ, ಗ್ರಾಹಕರ ಸಹಿ ಪಡೆದು ಹಿಂದಿರುಗುತ್ತಾರೆ. ಮರುದಿನ ಸಂಜೆ ಅದೇ ದೂರು ಮತ್ತೆ ಬರುತ್ತದೆ. ಬೆಂಗಳೂರಿನ ಕೇಬಲ್ ಜಾಲಗಳಲ್ಲಿ ಹಲವು ವರ್ಷ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವ ಒಂದು ಮಾತೆಂದರೆ, ದೂರು ಕೊಟ್ಟ ಮನೆಯಲ್ಲೇ ನಾಯ್ಸ್‌ನ ಮೂಲ ಸಿಗುವುದು ಅಪರೂಪ.

ಇದಕ್ಕೆ ಕಾರಣ ಜಾಲದ ರಚನೆಯಲ್ಲೇ ಇದೆ. ಸಿಗ್ನಲ್ ಹೊರಡುವ ಕೇಂದ್ರವಾದ ಹೆಡ್‌ಎಂಡ್‌ನಿಂದ ಬಡಾವಣೆಯ ಸಂಪರ್ಕ ಪೆಟ್ಟಿಗೆಯಾದ ನೋಡ್‌ವರೆಗೆ ಫೈಬರ್ ಇರುತ್ತದೆ. ಅಲ್ಲಿಂದ ಮುಂದೆ ಸಿಗ್ನಲನ್ನು ಬಲಪಡಿಸುವ ಆಂಪ್ಲಿಫೈಯರ್, ಅದನ್ನು ಹಂಚುವ ಟ್ಯಾಪ್, ಸ್ಪ್ಲಿಟರ್‌ಗಳ ಮೂಲಕ ಕೋಆಕ್ಸಿಯಲ್ ಕೇಬಲ್ ಮನೆಮನೆಗೆ ಕವಲೊಡೆಯುತ್ತದೆ. ಟಿವಿ ಚಾನೆಲ್‌ಗಳೂ ಇಂಟರ್‌ನೆಟ್‌ನ ಡೌನ್‌ಸ್ಟ್ರೀಮೂ ಮೇಲಿನ ಆವರ್ತನಗಳಲ್ಲಿ ಮನೆಯತ್ತ ಬರುತ್ತವೆ. ಮನೆಯಿಂದ ಹೊರಡುವ ದತ್ತಾಂಶಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 5ರಿಂದ 65 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿ ಮಾತ್ರ. ಮೇಲಿನಿಂದ ಬರುವ ಸಿಗ್ನಲ್ ಕವಲುಗಳಲ್ಲಿ ಹಂಚಿಹೋಗುತ್ತದೆಯಾದ್ದರಿಂದ, ಒಂದು ಮನೆಯ ದೋಷ ಆ ಮನೆಯನ್ನೋ ಹೆಚ್ಚೆಂದರೆ ಆ ಕವಲನ್ನೋ ಕಾಡುತ್ತದೆ. ಹಿಂದಿರುಗುವ ದಾರಿಯಲ್ಲಿ ಮಾತ್ರ, ಹತ್ತಾರು ಹಳ್ಳಗಳು ಹೊತ್ತು ತಂದ ಹೂಳು ಒಂದೇ ಕೆರೆಯಲ್ಲಿ ತುಂಬಿಕೊಳ್ಳುವಂತೆ, ನೂರಾರು ಮನೆಗಳ ನಾಯ್ಸ್ ಒಟ್ಟುಗೂಡಿ ನೋಡ್‌ಗೆ ಬಂದು ಸೇರುತ್ತದೆ. ಹೀಗೆ ಸೇರಿದ ನಾಯ್ಸ್ ಹೆಚ್ಚಾದಾಗ ಹೆಡ್‌ಎಂಡ್‌ನ ಉಪಕರಣ ದತ್ತಾಂಶವನ್ನು ಸಿಗ್ನಲ್‌ಗೆ ಏರಿಸುವ ವಿಧಾನದಲ್ಲಿ 64-ಕ್ವಾಮ್‌ನಿಂದ (QAM) 16-ಕ್ವಾಮ್‌ಗೋ ಕ್ಯೂಪಿಎಸ್‌ಕೆಗೋ (QPSK) ಇಳಿಯಬೇಕಾಗುತ್ತದೆ. ಸಿಗ್ನಲ್‌ನ ಒಂದೊಂದು ಮಿಡಿತದಲ್ಲಿ, ಅಂದರೆ ಸಿಂಬಲ್‌ನಲ್ಲಿ, 6 ಬಿಟ್ ಹೊರುತ್ತಿದ್ದ ಕಡೆ 4 ಅಥವಾ 2 ಬಿಟ್ ಮಾತ್ರ ಉಳಿಯುತ್ತದೆ. ಆ ನಷ್ಟವನ್ನು ನೋಡ್‌ನ ಕೆಳಗಿನ ಎಲ್ಲರೂ ಹಂಚಿಕೊಳ್ಳುತ್ತಾರೆ, ಆದರೆ ಫೋನ್ ಮಾಡುವವರು ಮನೆಯಿಂದ ಕೆಲಸ ಮಾಡುವ ಒಂದಿಬ್ಬರು ಮಾತ್ರ.

ಕೆಳ ಆವರ್ತನಗಳ ಈ ಪಟ್ಟಿಯ ದುರದೃಷ್ಟವೆಂದರೆ, ಜಗತ್ತಿನ ಶಾರ್ಟ್‌ವೇವ್ ರೇಡಿಯೊ ಪ್ರಸಾರಗಳಲ್ಲಿ ಬಹುಪಾಲು ಅಲ್ಲೇ ಇವೆ. ಬೆಂಗಳೂರಿನಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್‌ನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳಿರುವುದನ್ನು ನೆನೆದರೆ, ಕವಚ ಸಡಿಲವಾದ ಕೇಬಲ್ ಅವನ್ನು ಹಿಡಿದುಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಈ ಪ್ರಸಾರಗಳು ಕಡ್ಡಿಯಂತೆ ನೆಟ್ಟಗೆ ನಿಂತಿರುತ್ತವೆ. ಅವುಗಳ ಜಾಗ ಗೊತ್ತಿರುವುದರಿಂದ ಗುರುತಿಸುವುದೂ ಸುಲಭ. ತಲೆನೋವು ತರುವುದು ಮೋಟಾರು, ಅಗ್ಗದ ಎಲ್‌ಇಡಿ ಡ್ರೈವರ್, ವಿದ್ಯುತ್ ಹೋದಾಗ ಚಾಲೂ ಆಗುವ ಇನ್ವರ್ಟರ್ ಇತ್ಯಾದಿಗಳ ನಾಯ್ಸ್. ಅದು ಕೆಳಗಿನ ಆವರ್ತನಗಳಲ್ಲಿ ದಿಬ್ಬದಂತೆ ಏಳುತ್ತದೆ, ಕ್ಷಣದಲ್ಲಿ ಕುಸಿಯುತ್ತದೆ, ನೋಡಲು ಹೋದಾಗ ಇರುವುದೇ ಇಲ್ಲ.

ಆದ್ದರಿಂದ ಹುಡುಕಾಟ ಮೇಲಿನಿಂದ ಕೆಳಕ್ಕೆ ಬರಬೇಕು. ಹೆಡ್‌ಎಂಡ್‌ನಲ್ಲಿ ಒಬ್ಬರು ಅನಲೈಸರ್ ನೋಡುತ್ತ ಫೋನಿನಲ್ಲಿರುತ್ತಾರೆ, ಇನ್ನೊಬ್ಬರು ನೋಡ್‌ನಿಂದ ಆರಂಭಿಸಿ ಒಂದೊಂದೇ ಆಂಪ್ಲಿಫೈಯರ್ ತೆರೆಯುತ್ತಾರೆ. ಸಂದೇಹದ ಕವಲಿನ ರಿಟರ್ನ್ ದಾರಿಯಲ್ಲಿ, ಅಂದರೆ ಮನೆಗಳಿಂದ ಹಿಂದಿರುಗುವ ದಾರಿಯಲ್ಲಿ, ಸಿಗ್ನಲನ್ನು ತಗ್ಗಿಸುವ ಪ್ಯಾಡನ್ನು 3 ಡಿಬಿಯಷ್ಟು (ಡೆಸಿಬೆಲ್) ಹೆಚ್ಚಿಸಿದಾಗ ನಾಯ್ಸೂ ಸರಿಸುಮಾರು ಅಷ್ಟೇ ಇಳಿದರೆ, ಅದು ಆ ಕವಲಿನದು ಎಂದು ತೀರ್ಮಾನಿಸಬಹುದು. ಈ ವಿಧಾನದಲ್ಲಿ ನನಗೆ ಮೆಚ್ಚುಗೆಯಾಗುವುದು, ಯಾರ ಸಂಪರ್ಕವೂ ಕಡಿಯುವುದಿಲ್ಲ ಎಂಬುದು: ಕವಲಿನಲ್ಲಿರುವ ಮೋಡೆಮ್‌ಗಳಿಗೆ ಹೆಡ್‌ಎಂಡ್ ಪವರ್ ಏರಿಸಲು ಹೇಳಿ ತನ್ನ ಮಟ್ಟವನ್ನು ಸರಿದೂಗಿಸಿಕೊಳ್ಳುತ್ತದೆ, ಆದರೆ ಹಾಗೆ ಹೇಳಿಸಿಕೊಂಡು ಮೇಲೇರುವ ಸೌಲಭ್ಯ ನಾಯ್ಸ್‌ಗೆ ಇಲ್ಲ. ಕವಲನ್ನೇ ಕಿತ್ತು ನೋಡುವ ಅವಸರದವರೂ ಇದ್ದಾರೆ. ಉತ್ತರ ಬೇಗ ಸಿಗುತ್ತದೆ, ಜೊತೆಗೆ ಬೀದಿಯವರ ಬೈಗುಳವೂ ಸಿಗುತ್ತದೆ.

ಒಮ್ಮೆ ಸಂಜೆ ಹೊತ್ತಿಗಷ್ಟೇ ಏಳುತ್ತಿದ್ದ ನಾಯ್ಸನ್ನು ಹೀಗೆ ಹಿಂಬಾಲಿಸಿ ಹೋದಾಗ ಅದು ಒಂದು ಮೂರು ಮಹಡಿಯ ಕಟ್ಟಡದ ತಾರಸಿಯ ಸ್ಪ್ಲಿಟರ್‌ಗೆ ಬಂದು ನಿಂತಿತು. ಕೆಳಗಿನ ಬಾಡಿಗೆದಾರರು ಡಿಷ್ ಹಾಕಿಸಿಕೊಂಡು ಕೇಬಲ್ ಬಿಟ್ಟಿದ್ದರು. ಅವರ ಕಡೆಯ ತುದಿಯನ್ನು ಇಕ್ಕಳದಲ್ಲಿ ಕತ್ತರಿಸಿ, ಇನ್ಸುಲೇಷನ್ ಟೇಪ್ ಸುತ್ತಿ, ಗೋಡೆಗುಂಟ ಇಳಿಬಿಟ್ಟಿದ್ದರು. ಬಿಸಿಲಿಗೆ ಟೇಪ್ ಜಾರಿ, ಕವಚದ ಜಾಲರಿ ಎಳೆ ಎಳೆಯಾಗಿ ಬಿಚ್ಚಿಕೊಂಡು, ನಡುವಿನ ತಂತಿ ಹಸಿರುಗಟ್ಟಿ ಹೊರಚಾಚಿತ್ತು. ಅದರ ಪಕ್ಕದಲ್ಲೇ ಬೇಕರಿಯ ಎಲ್‌ಇಡಿ ನಾಮಫಲಕವಿತ್ತು. ಬೋರ್ಡ್ ಹತ್ತಿದರೆ ನಾಯ್ಸ್, ಆರಿಸಿದರೆ ಇಲ್ಲ. ಜೊತೆಗಿದ್ದವರು ಬೇಕರಿಯವರನ್ನೇ ತರಾಟೆಗೆ ತೆಗೆದುಕೊಳ್ಳಲು ಹೊರಟರು. ಆದರೆ ಆ ಬೋರ್ಡ್ ಹೋದರೆ ನಾಳೆ ಇನ್ನೊಂದು ಬರುತ್ತದೆ. ನಾವು ಮುಚ್ಚಬೇಕಾಗಿದ್ದುದು ನಾಯ್ಸ್ ಒಳನುಗ್ಗುತ್ತಿದ್ದ ಬಾಯಿಯನ್ನು. ಆ ಕೇಬಲನ್ನು ಸ್ಪ್ಲಿಟರ್‌ನಿಂದ ಕಳಚಿ, ಖಾಲಿಯಾದ ಪೋರ್ಟ್‌ಗೆ ಅದನ್ನು ಮುಚ್ಚುವ 75 ಓಮ್‌ನ ಟರ್ಮಿನೇಟರ್ ಮುಚ್ಚಳ ತಿರುಗಿಸಿದೊಡನೆ, ಬೋರ್ಡ್ ಉರಿಯುತ್ತಿರುವಾಗಲೇ ಅನಲೈಸರ್‌ನ ದಿಬ್ಬ ಮಾಯವಾಯಿತು.

ಹೊರಗಿನಿಂದ ನುಗ್ಗದೆ ಜಾಲದೊಳಗೇ ಹುಟ್ಟುವ ನಾಯ್ಸ್ ಇನ್ನೂ ಕುಟಿಲವಾದದ್ದು. ತುಕ್ಕು ಹಿಡಿದ ಜಾಯಿಂಟ್ ಡಯೋಡ್‌ನಂತೆ ವರ್ತಿಸಿ ಡೌನ್‌ಸ್ಟ್ರೀಮ್ ಚಾನೆಲ್‌ಗಳನ್ನು ಒಂದಕ್ಕೊಂದು ಬೆರೆಸುತ್ತದೆ, ಆ ಮಿಶ್ರಣದ ಒಂದು ಭಾಗ ರಿಟರ್ನ್ ಪಟ್ಟಿಗೆ ಬೀಳುತ್ತದೆ. ಅನಲಾಗ್ ಕಾಲದಲ್ಲಿ ಇದು ಚಾನೆಲ್‌ಗಳ ಅಂತರಕ್ಕೆ ಸರಿಯಾಗಿ ಸಾಲುಗಟ್ಟಿ ಕಾಣಿಸುತ್ತಿದ್ದುದರಿಂದ ಪತ್ತೆ ಸುಲಭವಿತ್ತು. 2013ರಲ್ಲಿ ಬೆಂಗಳೂರು, ಮೈಸೂರುಗಳ ಕೇಬಲ್ ಡಿಜಿಟಲ್ ಆದ ಮೇಲೆ ಅದೂ ಸಾಮಾನ್ಯ ನಾಯ್ಸ್‌ನಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಜಾಯಿಂಟನ್ನು ಮುಟ್ಟಿದರೆ ಸಾಕು, ತುಕ್ಕಿನ ಪೊರೆ ಅಲುಗಿ ದೋಷ ಮರೆಯಾಗುತ್ತದೆ, ಕೆಲ ವಾರಗಳ ನಂತರ ಮರಳುತ್ತದೆ. ಆದ್ದರಿಂದ ಇಂಥ ಕಡೆ ಬಿಗಿ ಮಾಡಿ ಬರುವುದು ಸಾಲದು. ಕನೆಕ್ಟರನ್ನು ಕತ್ತರಿಸಿ ಹೊಸದನ್ನೇ ಹಾಕಬೇಕು.

ಟರ್ಮಿನೇಟರ್ ಎಂಬುದು ಕೆಲವೇ ರೂಪಾಯಿಯ ವಸ್ತು. ಆದರೂ ಬಿಟ್ಟುಹೋದ ಗ್ರಾಹಕರ ಮನೆಗೆ ಮತ್ತೊಮ್ಮೆ ಏಣಿ ಹೊತ್ತು ಹೋಗಿ ಅದನ್ನು ಹಾಕಿ ಬರಲು ಯಾವ ಸ್ಥಳೀಯ ಆಪರೇಟರ್‌ಗೂ ಮನಸ್ಸಾಗುವುದಿಲ್ಲ, ಏಕೆಂದರೆ ಆ ಮನೆಯಿಂದ ಇನ್ನು ಬರುವ ಹಣವಿಲ್ಲ.