ಹಳೆಯ ಕೋವಿ ಕೊಟ್ಟು ಗುರಿ ಪರೀಕ್ಷಿಸುವುದು ನ್ಯಾಯವೇ?

ನಾನು ‘ಟಾಪ್ ಶಾಟ್’ ಎಂಬ ಟಿವಿ ಗುರಿ ಸ್ಪರ್ಧೆಯ ಐದೂ ಆವೃತ್ತಿಗಳನ್ನು ನೋಡಿದವನು ಎಂದು ತಿಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. ನೂರು ವರ್ಷದ ಹಿಂದಿನ ಕೋವಿಯೊಂದನ್ನು, ಅದನ್ನು ಹಿಂದೆಂದೂ ಮುಟ್ಟಿರದ ಒಬ್ಬನ ಕೈಗೆ ಕೊಟ್ಟು, ಸ್ವಲ್ಪ ಹೊತ್ತಿನ ಅಭ್ಯಾಸದ ಬಳಿಕ ಗುರಿ ಹೊಡೆಯಿಸಿ, ತಪ್ಪಿದರೆ ಮನೆಗೆ ಕಳುಹಿಸುವುದು ಯಾವ ನ್ಯಾಯ? ಅದು ಗುರಿಯ ಪರೀಕ್ಷೆಯೋ, ಅದೃಷ್ಟದ ಪರೀಕ್ಷೆಯೋ? ಪ್ರತಿ ಸಲವೂ ಅರ್ಧಂಬರ್ಧ ಉತ್ತರ ಕೊಟ್ಟು ಮಾತು ಮುಗಿಸುವ ಬದಲು, ನನ್ನ ಅಭಿಪ್ರಾಯವನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನೋಡದವರಿಗಾಗಿ ಒಂದೆರಡು ಮಾತು. ಅಮೆರಿಕದ ಹಿಸ್ಟರಿ ಚಾನೆಲ್ 2010ರ ಜೂನ್‌ನಲ್ಲಿ ಆರಂಭಿಸಿ 2013ರವರೆಗೆ ನಡೆಸಿದ ಸ್ಪರ್ಧೆಯಿದು. ನಿರೂಪಕ ಕೋಲ್ಬಿ ಡೊನಾಲ್ಡ್‌ಸನ್, ಬಹುಮಾನ ಒಂದು ಲಕ್ಷ ಡಾಲರ್. ಮೊದಲ ಆವೃತ್ತಿಯ 16 ಮಂದಿಯನ್ನು ಕೆಂಪು ಮತ್ತು ನೀಲಿ ತಂಡಗಳಾಗಿ ಹಂಚಿದ್ದರು. ಪ್ರತಿ ಸುತ್ತಿಗೆ ಮೊದಲು ಆಯಾ ಆಯುಧವನ್ನು ಬಲ್ಲ ತಜ್ಞರೊಬ್ಬರು ಬಂದು ತಂಡಕ್ಕೆ ಹೇಳಿಕೊಡುತ್ತಿದ್ದರು. ಸೋತ ತಂಡದವರು, ತಮ್ಮಲ್ಲಿ ಯಾರು ಹೊರಹೋಗುವ ಸುತ್ತಿಗೆ ಇಳಿಯಬೇಕು ಎಂಬುದನ್ನು, ಆ ವ್ಯಕ್ತಿಯ ಹೆಸರಿರುವ ಗುರಿಫಲಕಕ್ಕೆ ಗುಂಡು ಹೊಡೆದು ಸೂಚಿಸಬೇಕಿತ್ತು. ಆಯುಧಗಳಲ್ಲಿ ಇಂದಿನ ಪಿಸ್ತೂಲು, ರೈಫಲುಗಳ ಜೊತೆಗೆ ಸ್ಪ್ರಿಂಗ್‌ಫೀಲ್ಡ್ 1903, ಮೋಸಿನ್ ನಾಗಾಂಟ್, ಕೋಲ್ಟ್ ರಿವಾಲ್ವರ್‌ಗಳಂತಹ ಹಳೆಯ ಬಂದೂಕುಗಳೂ, ಬಿಲ್ಲುಬಾಣ ಹಾಗೂ ಎಸೆಯುವ ಚಾಕುಗಳೂ ಇದ್ದವು.

ಇದನ್ನು ನೋಡಿದವರಲ್ಲಿ ಒಮ್ಮತವೆಂಬುದನ್ನು ನಾನು ಕಂಡೇ ಇಲ್ಲ. ಶೂಟಿಂಗನ್ನೇ ಹವ್ಯಾಸವಾಗಿ ಹಿಡಿದವರು, ಒಂದು ಗಂಟೆಯ ಕಂತಿನಲ್ಲಿ ಗುಂಡಿನ ಸದ್ದಿಗಿಂತ ಸ್ಪರ್ಧಿಗಳು ಒಟ್ಟಿಗೆ ತಂಗಿದ್ದ ಮನೆಯೊಳಗಿನ ಜಗಳದ ಸದ್ದೇ ಹೆಚ್ಚು ಎಂದು ಬೇಸರಪಡುತ್ತಾರೆ. ಇತಿಹಾಸದ ಆಸಕ್ತಿಯಿಂದ ಕುಳಿತವರಿಗೆ ಹಳೆಯ ಬಂದೂಕು ಬಂದ ಸುತ್ತುಗಳೇ ಪ್ರಿಯ, ಉಳಿದದ್ದು ಸಹಿಸಬೇಕಾದ ಸಂಗತಿ. ಮೂರನೆಯ ಒಂದು ಗುಂಪಿದೆ, ಅವರಿಗೆ ಯಾವುದಾದರೊಬ್ಬ ಸ್ಪರ್ಧಿಯ ಮೇಲೆ ಅಭಿಮಾನ ಹುಟ್ಟಿರುತ್ತದೆ. ಪಿಸ್ತೂಲು ಸ್ಪರ್ಧೆಗಳಲ್ಲಿ ಹೆಸರು ಮಾಡಿದ ತಮ್ಮ ನೆಚ್ಚಿನವನು ಎಂಥದೋ ಹಳೆಯ ರೈಫಲ್ ಹಿಡಿದು ಸೋತಾಗ, ಅವನಿಗೆ ಅನ್ಯಾಯವಾಯಿತು ಎಂದು ಅವರು ಕೊನೆಯವರೆಗೂ ವಾದಿಸುತ್ತಾರೆ. ಮೇಲಿನ ಪ್ರಶ್ನೆ ಹೆಚ್ಚಾಗಿ ಬರುವುದು ಈ ಮೂರನೆಯವರಿಂದಲೇ.

ನನ್ನ ಉತ್ತರ: ನ್ಯಾಯವೇ. ಇನ್ನೂ ಮುಂದುವರಿದು ಹೇಳುವುದಾದರೆ, ಆ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಪ್ರಾಮಾಣಿಕವಾಗಿದ್ದದ್ದು ಹಳೆಯ ಬಂದೂಕಿನ ಸುತ್ತುಗಳೇ. ಇಂದಿನ ಶೂಟಿಂಗ್ ಸ್ಪರ್ಧೆಗಳು ಯಾವ ಮಟ್ಟಕ್ಕೆ ವಿಶೇಷೀಕರಣಗೊಂಡಿವೆ ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧಿಯ ಬಂದೂಕಿನ ಹಿಡಿ, ಕೆನ್ನೆಯೊರಗು, ಭುಜದ ಆನಿಕೆ ಎಲ್ಲವೂ ಅವರ ಮೈಯ ಅಳತೆಗೆ ಹೊಂದಿಸಿದವು. ಮೈಮೇಲಿನ ದಪ್ಪ ಜಾಕೆಟ್ಟು ಕೂಡ ದೇಹವನ್ನು ಅಲುಗದಂತೆ ಹಿಡಿಯಲೆಂದೇ ಹೊಲಿದದ್ದು. ವೇಗದ ಪಿಸ್ತೂಲು ಸ್ಪರ್ಧೆಗಳ ಮುಕ್ತ ವಿಭಾಗದವರು ಕೆಂಪು ಚುಕ್ಕೆಯ ದೃಷ್ಟಿಯಂತ್ರ, ಹಿನ್ನೆಗೆತವನ್ನು ತಗ್ಗಿಸುವ ಕಾಂಪೆನ್ಸೇಟರ್, ತೀರ ಹಗುರಾದ ಟ್ರಿಗರ್ ಇರುವ ಪಿಸ್ತೂಲನ್ನೇ ವರ್ಷಗಟ್ಟಲೆ ಹಿಡಿದು ಪಳಗಿರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಆ ಆಟಗಳ ನಿಯಮವೇ ಹಾಗಿದೆ. ಆದರೆ ಇಂಥ ಬೇರೆಬೇರೆ ಶಾಲೆಗಳಿಂದ ಬಂದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾರು ಉತ್ತಮ ಗುರಿಗಾರ ಎಂದು ಕೇಳಬೇಕಾದರೆ, ಅವರಲ್ಲಿ ಯಾರದ್ದೂ ಅಲ್ಲದ ಆಯುಧವೊಂದು ಬೇಕಾಗುತ್ತದೆ. ಆಗ ಕೈಯಲ್ಲಿ ಉಳಿಯುವುದು ಉಸಿರಿನ ಹಿಡಿತ, ಟ್ರಿಗರನ್ನು ನೇರವಾಗಿ ಹಿಂದಕ್ಕೆ ಒತ್ತುವ ಬೆರಳು, ದೃಷ್ಟಿಯನ್ನು ಮುಂದಿನ ಸೈಟಿನ (ಗುರಿ ನೋಡಲು ಬಂದೂಕಿನ ಮೇಲಿರುವ ಗುರುತಿನ) ಮೇಲೆ ನಿಲ್ಲಿಸುವ ಶಿಸ್ತು, ಇಷ್ಟೇ.

ಹಳೆಯ ಬಂದೂಕು ಏಕೆ ಕಷ್ಟ ಎಂಬುದನ್ನು ಕಾರ್ಯಕ್ರಮ ವಿವರವಾಗಿ ಹೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಸ್ಪ್ರಿಂಗ್‌ಫೀಲ್ಡ್ 1903 ಅಮೆರಿಕದ ಸೈನ್ಯ ಮೊದಲ ಮಹಾಯುದ್ಧದಲ್ಲಿ ಹೊತ್ತ ರೈಫಲ್. ಜರ್ಮನಿಯ ಮೌಸರ್ ರೈಫಲಿನ ರಚನೆಯನ್ನು ಎಷ್ಟು ಹತ್ತಿರದಿಂದ ಅನುಸರಿಸಿತ್ತೆಂದರೆ, ಅಮೆರಿಕದ ಸರ್ಕಾರ ಪೇಟೆಂಟಿನ ಬಾಬ್ತು ಆ ಕಂಪನಿಗೆ ಹಣ ತೆರಬೇಕಾಯಿತು. ಅದರ ಹಿಂಬದಿಯ ಸೈಟಿನ ಫಲಕವನ್ನು ಮಡಚಿಟ್ಟರೆ ಸಿಗುವ ಯುದ್ಧಕಾಲದ ಗುರಿ ಹೊಂದಿಕೆ 547 ಗಜಗಳಿಗೆ, ಅಂದರೆ ಸುಮಾರು 500 ಮೀಟರಿಗೆ ನಿಗದಿಯಾದದ್ದು. ಅಷ್ಟು ದೂರಕ್ಕೆ ಹೊಂದಿಸಿದ ಬಂದೂಕಿನಿಂದ ನೂರು ಗಜದ ಗುರಿಯನ್ನು ನೇರವಾಗಿ ನೋಡಿ ಹೊಡೆದರೆ ಗುಂಡು ಮೇಲಿನಿಂದ ಹಾರಿಹೋಗುತ್ತದೆ. ಗುರಿಗಿಂತ ಕೆಳಗೆ ನೋಡಿ ಹೊಡೆಯಬೇಕು. ತಜ್ಞರು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಸುಲಭ. ಗಡಿಯಾರ ಓಡುತ್ತಿರುವಾಗ, ಪಕ್ಕದಲ್ಲಿ ಎದುರಾಳಿಯ ಫಲಕ ಠಣ್ಣೆಂದು ಸದ್ದು ಮಾಡಿದಾಗ, ಕಣ್ಣಿಗೆ ಸರಿ ಕಾಣುವ ಜಾಗವನ್ನು ಬಿಟ್ಟು ತಪ್ಪಾಗಿ ಕಾಣುವ ಜಾಗಕ್ಕೆ ಗುರಿಯಿಡಲು ಮನಸ್ಸು ಒಪ್ಪುವುದಿಲ್ಲ.

1873ರ ಕೋಲ್ಟ್ ರಿವಾಲ್ವರಿನ ಕಷ್ಟ ಇನ್ನೊಂದು ಬಗೆಯದು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆಯನ್ನು, ಅಂದರೆ ಗುಂಡನ್ನು ಸಿಡಿಸಲು ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆಳೆಯಬೇಕು, ಎಳೆಯುವಾಗ ಹಿಡಿತ ಸಡಿಲವಾಗುತ್ತದೆ, ಮತ್ತೆ ಬಿಗಿಮಾಡುವಾಗ ಮೊದಲಿನ ಜಾಗ ಸಿಗುವುದಿಲ್ಲ. ಹಿಂಬದಿಯ ಸೈಟ್ ಎಂದರೆ ಚೌಕಟ್ಟಿನ ಮೇಲಿನ ಒಂದು ಗೀರು ಮಾತ್ರ, ಅದನ್ನು ಆಚೆ ಈಚೆ ಸರಿಸುವಂತಿಲ್ಲ. ರಷ್ಯಾದ ಸೈನ್ಯ 1891ರಲ್ಲಿ ಅಂಗೀಕರಿಸಿದ ಮೋಸಿನ್ ನಾಗಾಂಟ್‌ನ ಬೋಲ್ಟು (ಗುಂಡನ್ನು ನಳಿಗೆಯೊಳಗೆ ತಳ್ಳಿ ಮುಚ್ಚುವ ಅಗುಳಿ) ಒರಟು; ಅದನ್ನು ಹಿಂದೆ ಮುಂದೆ ಎಳೆಯುವಷ್ಟರಲ್ಲಿ ಬಂದೂಕು ಭುಜದಿಂದ ಜಾರಿ ಗುರಿ ಕಳೆದುಹೋಗುತ್ತದೆ. ಸೋವಿಯತ್ ಕಾಲದ ಮೋಸಿನ್‌ಗಳನ್ನು ನಳಿಗೆಯ ತುದಿಗೆ ಬಯೊನೆಟ್ ಎಂಬ ಈಟಿಯಂಥ ಅಲಗನ್ನು ಸಿಕ್ಕಿಸಿಯೇ ಗುರಿಗೆ ಹೊಂದಿಸುತ್ತಿದ್ದರು, ಬಯೊನೆಟ್ ತೆಗೆದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಇಂಥ ಸಣ್ಣ ವಿವರವೊಂದನ್ನು ನಿರೂಪಕರು ಹೇಳಿದ್ದರೂ ಸಾಕಿತ್ತು, ತಪ್ಪಿದವನನ್ನು ನೋಡಿ ನಗುವ ವೀಕ್ಷಕರು ಅರ್ಧದಷ್ಟು ಕಡಿಮೆಯಾಗುತ್ತಿದ್ದರು.

ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗಳ ಕಾಲಕ್ಕೆ ಹೋದರೆ ಕಷ್ಟ ಇನ್ನೂ ಹೆಚ್ಚು. ಚಕಮಕಿ ಕಲ್ಲಿನ ಕೋವಿಯಲ್ಲಿ ಟ್ರಿಗರ್ ಎಳೆದ ಮೇಲೆ ಕಲ್ಲು ಉಕ್ಕಿಗೆ ಬಡಿದು, ಕಿಡಿ ಹೊರಗಿನ ಬಟ್ಟಲಿನ ಮದ್ದಿಗೆ ತಗುಲಿ, ಆ ಉರಿ ಸಣ್ಣ ತೂತಿನ ಮೂಲಕ ಒಳಗಿನ ಮದ್ದನ್ನು ಮುಟ್ಟಿ, ಆಮೇಲಷ್ಟೇ ಈಡು ಹಾರುತ್ತದೆ. ಸೆಕೆಂಡಿನ ಸಣ್ಣದೊಂದು ಭಾಗವಾದರೂ ಆ ಅಂತರ ಕೈಗೆ ತಿಳಿಯುವಷ್ಟು ದೊಡ್ಡದು, ಮತ್ತು ಅಷ್ಟೂ ಹೊತ್ತು, ಮುಖದ ಮುಂದೆಯೇ ಬೆಂಕಿ ಭುಗ್ಗೆಂದರೂ ಕದಲದೆ ಗುರಿಯಲ್ಲೇ ನಿಲ್ಲಬೇಕು. ಹೊಡೆದ ಮೇಲೆ ಎದುರಿಗೆ ಬಿಳಿ ಹೊಗೆ, ನಾಲ್ಕಾರು ಈಡುಗಳ ನಂತರ ನಳಿಗೆಯೊಳಗೆ ಮಸಿ ಕಟ್ಟಿ ಮುಂದಿನ ಗುಂಡನ್ನು ಜಡಿಯುವುದೇ ಒಂದು ಕೆಲಸ. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಚಕಮಕಿಯ ನಂತರದ ತಲೆಮಾರಾದ ಕೇಪಿನ ಕೋವಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಇಂದಿಗೂ ಅಲ್ಲಿನ ತೋಟದ ಮನೆಗಳಲ್ಲಿದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಠೇವಣಿಯಿಟ್ಟು ಬರುವುದೂ ತಪ್ಪಿಲ್ಲ. ಅಮೆರಿಕದ ವಾಹಿನಿಯೊಂದು ಇತಿಹಾಸವೆಂದು ತೋರಿಸುವ ತಂತ್ರಜ್ಞಾನ ನಮ್ಮಲ್ಲಿ ಮಂಗ ಓಡಿಸುವ ದಿನನಿತ್ಯದ ಉಪಕರಣ ಎಂಬುದು ನನಗೆ ಪ್ರತಿ ಸಲವೂ ತಮಾಷೆಯಾಗಿ ಕಾಣುತ್ತದೆ.

ಹಾಗೆಂದು ಹಳೆಯ ಬಂದೂಕಿನ ಸುತ್ತು ಎಲ್ಲರಿಗೂ ಸಮಾನ ಎಂದು ನಾನು ಹೇಳಲಾರೆ. ಎಡಗೈಯವರ ವಿಷಯವನ್ನೇ ನೋಡಿ. ಹಳೆಯ ರೈಫಲುಗಳ ಬೋಲ್ಟು ಬಲಕ್ಕಿರುತ್ತದೆ, ಚಕಮಕಿಯ ಬಟ್ಟಲೂ ಬಲಕ್ಕೇ. ಎಡಭುಜಕ್ಕೆ ಆನಿಸಿ ಹೊಡೆಯುವವನ ಮುಖ ನೇರವಾಗಿ ಆ ಉರಿಯ ಹಿಂದೆಯೇ ಬರುತ್ತದೆ. ಸೈನ್ಯಗಳು ಎಲ್ಲರನ್ನೂ ಬಲಗೈಯವರನ್ನಾಗಿ ಮಾಡಿದ ಕಾಲದ ಆಯುಧಗಳು ಅವು. ಇನ್ನು, ಹಳೆಯ ಬಂದೂಕುಗಳಲ್ಲಿ ಒಂದೇ ಮಾದರಿಯ ಎರಡು ಒಂದೇ ರೀತಿ ಹೊಡೆಯುವುದಿಲ್ಲ: ನಳಿಗೆಯ ಸವೆತ, ಮರದ ಸೆಳೆತ, ಟ್ರಿಗರಿನ ಭಾರ ಎಲ್ಲದರಲ್ಲೂ ವ್ಯತ್ಯಾಸವಿರುತ್ತದೆ. ಆದ್ದರಿಂದ ಇಬ್ಬರು ಎದುರಾಳಿಗಳು ಒಂದೇ ಬಂದೂಕಿನಿಂದ ಸರದಿಯಂತೆ ಹೊಡೆದರೆ ಮಾತ್ರ ಫಲಿತಾಂಶಕ್ಕೆ ಪೂರ್ಣ ಅರ್ಥ. ಹಾಗೆ ಹೊಡೆದರೂ ಎರಡನೆಯವನಿಗೆ ಮೊದಲನೆಯವನ ಗುಂಡು ಎಲ್ಲಿ ಬಿತ್ತೆಂಬ ಪಾಠ ಪುಕ್ಕಟೆಯಾಗಿ ಸಿಗುತ್ತದೆ. ಅನ್ಯಾಯದ ಬಗ್ಗೆ ವಾದಿಸುವವರು ಹಿಡಿಯಬೇಕಾದದ್ದು ಇಂಥ ಎಳೆಗಳನ್ನು. ‘ಅವನಿಗೆ ಆ ಬಂದೂಕಿನ ಪರಿಚಯವಿರಲಿಲ್ಲ’ ಎಂಬುದು ವಾದವೇ ಅಲ್ಲ, ಏಕೆಂದರೆ ಉಳಿದ ಹೆಚ್ಚಿನವರ ಸ್ಥಿತಿಯೂ ಅದೇ ಆಗಿತ್ತು.

ನಿಜವಾದ ಅನ್ಯಾಯ ಇದ್ದದ್ದು ಹೆಸರು ಸೂಚಿಸುವ ಆ ಪದ್ಧತಿಯಲ್ಲಿ. ತಂಡ ಸೋತಾಗ ಕೆಟ್ಟದಾಗಿ ಹೊಡೆದವನನ್ನೇ ಮುಂದೆ ತಳ್ಳಬೇಕೆಂಬ ಕಟ್ಟುಪಾಡು ಇರಲಿಲ್ಲ. ಮಾತಿನಿಂದ ಚುಚ್ಚಿದವನನ್ನು, ಗುಂಪಿಗೆ ಸೇರದವನನ್ನು, ಮುಂದೆ ತಮಗೆ ಅಪಾಯವಾಗಬಲ್ಲ ಬಲಶಾಲಿಯನ್ನು ಸೂಚಿಸುವುದಕ್ಕೂ ಅಡ್ಡಿಯಿರಲಿಲ್ಲ. ಚೆನ್ನಾಗಿ ಹೊಡೆದವನೂ ಸಹವಾಸಿಗಳ ಮುನಿಸಿಗೆ ಬಲಿಯಾಗಿ ಹೊರಹೋಗುವ ಸುತ್ತಿಗೆ ಬರಬಹುದಾಗಿತ್ತು. ಗುರಿಯ ಸ್ಪರ್ಧೆಗೆ ಇದರಿಂದ ಏನೂ ಸಿಗಲಿಲ್ಲ, ಕ್ಯಾಮೆರಾಗಳಿಗೆ ಸಿಕ್ಕಿತು. ತಮ್ಮ ನೆಚ್ಚಿನವನ ಸೋಲಿಗೆ ಹಳೆಯ ರೈಫಲನ್ನು ದೂರುವವರು ಒಂದು ಹೆಜ್ಜೆ ಹಿಂದೆ ಹೋಗಿ, ಅವನು ಆ ರೈಫಲಿನ ಮುಂದೆ ನಿಲ್ಲುವಂತೆ ಮಾಡಿದವರು ಯಾರು ಎಂದು ನೋಡುವುದು ಒಳ್ಳೆಯದು. ಐದನೆಯ ಆವೃತ್ತಿಯಲ್ಲಿ ಹಳೆಯ ಸ್ಪರ್ಧಿಗಳನ್ನು ಮರಳಿ ಕರೆದು, ತಂಡಗಳನ್ನು ಕೈಬಿಟ್ಟು, ಮೊದಲಿನಿಂದಲೇ ಒಬ್ಬೊಬ್ಬರ ಆಟವಾಗಿ ನಡೆಸಿದಾಗ ಸ್ಪರ್ಧೆ ಎಷ್ಟು ಹಗುರಾಯಿತೆಂಬುದನ್ನು ಗಮನಿಸಿದವರಿಗೆ ನನ್ನ ಮಾತು ಉತ್ಪ್ರೇಕ್ಷೆ ಎನ್ನಿಸದು.

ಗೆದ್ದವರ ಪಟ್ಟಿಯೂ ನನ್ನ ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ. ಮೊದಲ ಆವೃತ್ತಿ ಗೆದ್ದ ಇಯಾನ್ ಹ್ಯಾರಿಸನ್ ಬ್ರಿಟಿಷ್ ಸೈನ್ಯದಲ್ಲಿದ್ದವರು, ಅದನ್ನು ಬದಿಗಿಡೋಣ. ಮೂರನೆಯದನ್ನು ಗೆದ್ದ ಡಸ್ಟಿನ್ ಎಲ್ಲರ್‌ಮನ್ ಟೆಕ್ಸಾಸ್‌ನಲ್ಲಿ ಮಕ್ಕಳ ಶಿಬಿರ ನಡೆಸುತ್ತಿದ್ದವರು. ನಾಲ್ಕನೆಯದನ್ನು ಗೆದ್ದ ಕ್ರಿಸ್ ಚೆಂಗ್ ಗೂಗಲ್‌ನ ಉದ್ಯೋಗಿ, ಸೈನ್ಯದಲ್ಲಾಗಲಿ ಪೊಲೀಸ್ ಇಲಾಖೆಯಲ್ಲಾಗಲಿ ಇದ್ದವರಲ್ಲ. ಗೆದ್ದ ಮೇಲೆ ಆ ಕೆಲಸ ಬಿಟ್ಟು ವೃತ್ತಿಪರ ಶೂಟರ್ ಆದರು. ಸೈನಿಕರು, ಪೊಲೀಸರು, ಪಳಗಿದ ಸ್ಪರ್ಧಿಗಳೆಲ್ಲ ಇದ್ದ ಕಣದಲ್ಲಿ ಹವ್ಯಾಸಿಗಳು ಗೆಲ್ಲಲು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣ, ಪ್ರತಿ ಸುತ್ತಿನಲ್ಲೂ ಆಯುಧ ಬದಲಾಗುತ್ತಿದ್ದದ್ದು ಎಂದು ನನ್ನ ನಂಬಿಕೆ. ಒಂದೇ ಪಿಸ್ತೂಲಿಗೆ ಒಗ್ಗಿಹೋದ ಕೈ, ಹೊಸ ಟ್ರಿಗರಿನ ಭಾರವನ್ನು ತನ್ನ ಹಳೆಯ ಅಭ್ಯಾಸಕ್ಕೆ ಬಗ್ಗಿಸಲು ನೋಡುತ್ತದೆ. ಹೇಳಿಕೊಟ್ಟದ್ದನ್ನು ಹಾಗೆಯೇ ಕೇಳಿ ಮಾಡುವವನಿಗೆ ಆ ಜಗಳವಿಲ್ಲ. ಅದೃಷ್ಟವೇ ಎಲ್ಲವನ್ನೂ ನಿರ್ಧರಿಸುತ್ತಿದ್ದರೆ ಒಬ್ಬನೇ ಸ್ಪರ್ಧಿ ರೈಫಲು, ರಿವಾಲ್ವರು, ಬಿಲ್ಲು ಎಲ್ಲವನ್ನೂ ದಾಟಿ ಕೊನೆಯ ಕಂತಿನವರೆಗೆ ಬರುವುದು ಕಷ್ಟ.

ಈಗ ಹೊಸದಾಗಿ ನೋಡಲು ಕೂರುವವರಿಗೆ, ಯಾವುದರಿಂದ ಆರಂಭಿಸಬೇಕೆಂದು ಕೇಳುವುದಾದರೆ, ನಾಲ್ಕನೆಯ ಆವೃತ್ತಿಯಿಂದ ಎನ್ನುತ್ತೇನೆ. ಮನೆಯೊಳಗಿನ ಮಾತುಕತೆ ಬಂದಾಗ ಮುಂದಕ್ಕೆ ಓಡಿಸಿದರೂ ನಷ್ಟವಿಲ್ಲ, ಆದರೆ ತಜ್ಞರು ಅಭ್ಯಾಸ ಮಾಡಿಸುವ ಭಾಗವನ್ನು ಬಿಡಬೇಡಿ. ಎಷ್ಟೇ ಚಿಕ್ಕದಾಗಿ ಕತ್ತರಿಸಿ ತೋರಿಸಿದ್ದರೂ, ಯಾರು ಕೇಳಿಸಿಕೊಳ್ಳುತ್ತಿದ್ದಾರೆ, ಯಾರು ತಮಗೆ ಗೊತ್ತೆಂದು ತಲೆಯಾಡಿಸುತ್ತಿದ್ದಾರೆ ಎಂಬುದು ಅಲ್ಲಿಯೇ ಕಾಣುತ್ತದೆ, ಮತ್ತು ಆ ಸುತ್ತಿನಲ್ಲಿ ಯಾರ ಗುಂಡು ಮೇಲಿನಿಂದ ಹಾರಲಿದೆ ಎಂಬುದನ್ನು ಬಹಳಷ್ಟು ಸಲ ಅಲ್ಲಿಯೇ ಊಹಿಸಬಹುದು.