ಗ್ಯಾರೇಜಿನ ಏಸಿ, ಬಚ್ಚಲಿನ ರೀಸೆಟ್ ಗುಂಡಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೆಳೆದವನಿಗೆ ಟೆಕ್ಸಾಸಿನ ಬಿಸಿಲು ಹೊಸದೇನಲ್ಲ. ಆದರೂ ಗ್ಯಾರೇಜನ್ನೇ ಮರಗೆಲಸದ ಕೋಣೆ ಮಾಡಿಕೊಂಡ ಮೇಲೆ, ಅದರ ತಗಡಿನ ಬಾಗಿಲು ಮಧ್ಯಾಹ್ನದ ಹೊತ್ತಿಗೆ ರೊಟ್ಟಿಯ ಹಂಚಿನಂತೆ ಕಾಯುವುದನ್ನು ತಾಳಲಾರದೆ, ಕಳೆದ ಜೂನ್‌ನಲ್ಲಿ ಒಂದು ಟನ್ನಿನ ಹಳೆಯ ಕಿಟಕಿ ಏಸಿಯೊಂದನ್ನು ತಂದು ಕೂರಿಸಿದೆ. ಹತ್ತು ನಿಮಿಷ ಓಡಿ ನಿಂತಿತು. ಪ್ಯಾನೆಲ್‌ನಲ್ಲಿ ಬ್ರೇಕರ್ ಬಿದ್ದಿರಲಿಲ್ಲ, ಆದರೆ ಬಚ್ಚಲಿನ ಪ್ಲಗ್ಗಿನಲ್ಲೂ ಕರೆಂಟಿಲ್ಲವೆಂದು ಹೆಂಡತಿ ಒಳಗಿನಿಂದ ಕೂಗಿದಳು.

ಇಲ್ಲಿ ಗ್ಯಾರೇಜಿನ ಸಾಕೆಟ್‌ಗಳಿಗೆ ಜಿಎಫ್‌ಸಿಐ ಎಂಬ ರಕ್ಷಣೆ ಇರಬೇಕೆಂದು ವಿದ್ಯುತ್ ಸಂಹಿತೆಯಲ್ಲಿ 1978ರಲ್ಲೇ ಬರೆದಿದ್ದಾರೆ. ಹಳೆಯ ಮನೆಗಳಲ್ಲಿ ಒಂದೇ ಸಾಧನದ ಹಿಂದೆ ಹಲವು ಸಾಕೆಟ್‌ಗಳನ್ನು ಜೋಡಿಸಿರುವುದುಂಟು. ನಮ್ಮ ಗ್ಯಾರೇಜಿನ ರೀಸೆಟ್ ಗುಂಡಿ ಇದ್ದದ್ದು ಬಚ್ಚಲಿನ ಕನ್ನಡಿಯ ಪಕ್ಕದಲ್ಲಿ. ಬ್ರೇಕರ್ ನೋಡುವುದು 15 ಆಂಪಿಯರ್‌ನಂತಹ ಹೊರೆಯನ್ನು. ಜಿಎಫ್‌ಸಿಐ ನೋಡುವುದು ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ಮರಳಿ ಬಂದಿತೇ ಎಂಬುದನ್ನು. ನಾಲ್ಕರಿಂದ ಆರು ಮಿಲಿಆಂಪಿಯರ್‌ನಷ್ಟು ಬೇರೆ ದಾರಿ ಹಿಡಿದರೂ ಅದು ಕಡಿದುಬಿಡುತ್ತದೆ. ಇದೇ ಕೆಲಸಕ್ಕೆ ನಮ್ಮೂರಿನ ಮನೆಗಳಿಗೆ ಹಾಕುವ ಆರ್‌ಸಿಸಿಬಿಗೆ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಬೇಕು.

ವೈರ್‌ಮನ್ ಆಗಿರುವ ಸೋದರಮಾವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ನಕ್ಕರು: “ಬರೇ ಐದು ಮಿಲಿಗೆ ಬೀಳ್ತದೇನಪ್ಪಾ? ನಮ್ಮಲ್ಲಾಗಿದ್ರ ದಿನಾ ಕತ್ತಲಾಗ ಕೂಡಬೇಕಾಗ್ತಿತ್ತು.”

ಜಿಎಫ್‌ಸಿಐಯನ್ನೇ ತೆಗೆದು ಸಾದಾ ಸಾಕೆಟ್ ಹಾಕೆಂದು ಇಲ್ಲಿನ ಗೆಳೆಯನೊಬ್ಬ ಸಲಹೆ ಕೊಟ್ಟ. ಮೋಟಾರಿನ ಸಾಮಾನುಗಳಿಗೆ ಜಿಎಫ್‌ಸಿಐ ಸುಮ್ಮನೆ ಬೀಳುತ್ತದೆ ಎಂಬ ಮಾತು ಇಲ್ಲಿ ಬಹಳ ಚಾಲ್ತಿಯಲ್ಲಿದೆ, ನಾನೂ ಅರ್ಧ ನಂಬಿದ್ದೆ. ಆದರೆ ಅದೇ ಸಾಕೆಟ್‌ನಲ್ಲಿ ಗರಗಸವೂ ಫ್ಯಾನೂ ಗಂಟೆಗಟ್ಟಲೆ ಓಡಿದವು. ಹೊಸ ಜಿಎಫ್‌ಸಿಐ ಹಾಕಿಸಿದಾಗಲೂ ಏಸಿ ಹತ್ತು ನಿಮಿಷಕ್ಕೇ ನಿಂತಿತು. ಏಸಿಯ ಪ್ಲಗ್ಗಿನಲ್ಲೇ ಇರುವ ಟೆಸ್ಟ್-ರೀಸೆಟ್ ಡಬ್ಬಿಯೇಕೆ ಬೀಳಲಿಲ್ಲವೆಂದರೆ, ಅದು ಕಾಯುವುದು ಆ ಕೇಬಲನ್ನು ಮಾತ್ರ. ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿದಾಗ ಕಂಪ್ರೆಸರ್‌ಗೆ ಹೋಗುವ ವೈರು ತಾಮ್ರದ ಕೊಳವೆಗೆ ಉಜ್ಜಿ ಉಜ್ಜಿ, ಅದರ ಹೊದಿಕೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿರುವುದು ಕಾಣಿಸಿತು. ಕಾಯಿಲ್ ತಣ್ಣಗಾಗಿ ನೀರಿಳಿಯತೊಡಗಿದ ಮೇಲೆ ಆ ಜಾಗ ಒದ್ದೆಯಾಗಿ, ಕರೆಂಟು ಕಬ್ಬಿಣದ ಮೈಗೆ ಸೋರುತ್ತಿತ್ತು. ವೈರು ಬದಲಿಸಿ, ಕೊಳವೆಗೆ ತಾಗದಂತೆ ಕಟ್ಟಿದ ಮೇಲೆ ಏಸಿ ಒಮ್ಮೆಯೂ ನಿಂತಿಲ್ಲ.

ಆಗ ಊರಿನ ಕೂಲರ್ ನೆನಪಾಯಿತು. ನೀರು ಹಾಕುವಾಗ ಅಮ್ಮ ರಬ್ಬರ್ ಚಪ್ಪಲಿ ಮೆಟ್ಟಿ, ಮಣೆಯ ಮೇಲೆ ನಿಂತು, ಅದರ ತಗಡನ್ನು ಮೊದಲು ಹಿಂಗೈಯಿಂದ ತಟ್ಟಿ ನೋಡುತ್ತಿದ್ದಳು. ಅದಕ್ಕೆ ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗಿತ್ತು. ಮಾವ ಹೋಗಿ ಆರ್‌ಸಿಸಿಬಿ ಕೂರಿಸಿ, ಮೂರು ಪಿನ್ನಿನ ಪ್ಲಗ್ ಹಾಕಿ ಮೈಗೆ ಅರ್ಥ್ ಕೊಟ್ಟು ಸ್ವಿಚ್ ಒತ್ತಿದೊಡನೆ ಮನೆಯ ಕರೆಂಟೇ ಹೋಯಿತು. ಕರೆಂಟು ಸೋರುತ್ತಿದ್ದ ಪಂಪಿನ ವೈರು ಬದಲಿಸಿದ ಮೇಲೆ ಕೂಲರ್ ಓಡಿತು. ಅಮ್ಮ ಈಗಲೂ ಹಿಂಗೈಯಿಂದ ತಟ್ಟಿಯೇ ನೀರು ಹಾಕುತ್ತಾಳಂತೆ.